ಮನೆ ಬಾಡಿಗೆಗೆ ಕೊಡ್ತೀರಾ? ಖಾಲಿ ಮಾಡುವ ದಿನದಿಂದ ಶುರುಮಾಡಿ

ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟಿದ ಸಂಜೆಯೇ ಫೋನ್ ಬರುತ್ತದೆ. ಬೆಂಗಳೂರಿನಲ್ಲಿ ಕೆಳಗೆ ತಾವಿದ್ದು ಮೇಲಿನ ಮನೆ ಬಾಡಿಗೆಗೆ ಬಿಟ್ಟವರಿಗೆಲ್ಲ ಇದು ಗೊತ್ತು. ಬರುವಾಗ ಎಲ್ಲರೂ ಒಳ್ಳೆಯವರೇ. ಜಗಳ ಹತ್ತುವುದು ಖಾಲಿ ಮಾಡುವ ದಿನ, ಅದೂ ಅಡ್ವಾನ್ಸ್ ವಿಚಾರಕ್ಕೆ. ಆ ದಿನದ ಲೆಕ್ಕವನ್ನು ಅವರು ಬರುವ ದಿನವೇ ಬರೆದಿಡಬೇಕು.

ಅಡ್ವಾನ್ಸ್ ನಿಮ್ಮ ದುಡ್ಡಲ್ಲ. ಹತ್ತು ತಿಂಗಳ ಬಾಡಿಗೆ ಕೇಳುವುದು ಇಲ್ಲಿನ ಹಳೇ ರೂಢಿ. ಈಗ ಐದಾರು ತಿಂಗಳದ್ದು ಸಾಕು ಅನ್ನುವ ಮಾಲೀಕರೂ ಇದ್ದಾರೆ. ನಾನು ಮೊದಲ ಸಲ 1.5 ಲಕ್ಷ ತಗೊಂಡು ಸಂಪಿನ ಮೋಟರು, ಕಾಂಪೌಂಡು ಅಂತ ಖರ್ಚು ಮಾಡಿಬಿಟ್ಟೆ. ಎಂಟೇ ತಿಂಗಳಿಗೆ ಅವರಿಗೆ ಟ್ರಾನ್ಸ್‌ಫರ್ ಆಯಿತು. ನಷ್ಟಕ್ಕೆ ಚೀಟಿ ಎತ್ತಿ ದುಡ್ಡು ವಾಪಸ್ ಕೊಟ್ಟೆ. ಈಗ ಅಡ್ವಾನ್ಸ್ ಬಂದ ದಿನವೇ ಎಫ್‌ಡಿಗೆ ಹೋಗುತ್ತದೆ.

ಯಾರಿಗೆ ಕೊಡುವುದು? ಆಧಾರ್ ಪ್ರತಿ, ಕೆಲಸದ ಐಡಿ ನೋಡಿ. ಹಿಂದಿನ ಮನೆಯ ಮಾಲೀಕರಿಗೆ ಒಂದು ಫೋನ್ ಮಾಡಿ. ನಾನ್‌ವೆಜ್ ತಿಂತೀರಾ ಅಂತ ಮೊದಲು ಕೇಳುವವರಿದ್ದಾರೆ. ಬಾಡಿಗೆ ಕಟ್ಟುವುದಕ್ಕೂ ಮಾಡುವ ಸಾರಿಗೂ ಏನು ಸಂಬಂಧವೋ!

ಅಗ್ರಿಮೆಂಟ್ ಮಾಡಿಸಿ. ಎಲ್ಲರೂ 11 ತಿಂಗಳಿಗೇ ಯಾಕೆ ಮಾಡಿಸುತ್ತಾರೆ ಅಂದರೆ, ಒಂದು ವರ್ಷ ಮೀರಿದ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಾಡಿಗೆ ಇಲ್ಲದೆ ದೊಡ್ಡ ಮೊತ್ತ ಪಡೆದು ಎರಡು ಮೂರು ವರ್ಷಕ್ಕೆ ಲೀಸಿಗೆ ಕೊಡುವವರು ಇದನ್ನು ಮರೆಯಬೇಡಿ. ಇ-ಸ್ಟಾಂಪ್ ಕಾಗದದಲ್ಲಿ ಬಾಡಿಗೆ, ಕಟ್ಟುವ ತಾರೀಖು, ನೀರಿನ ಬಿಲ್ ಯಾರದ್ದು, ವರ್ಷಕ್ಕೆ ಎಷ್ಟು ಏರಿಕೆ, ಎಷ್ಟು ತಿಂಗಳ ನೋಟಿಸ್ ಎಲ್ಲ ಇರಲಿ. ನೋಟಿಸ್ ಬಗ್ಗೆ ಏನೂ ಬರೆಯದೇ ಹೋದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ತಿಂಗಳ ಬಾಡಿಗೆ ಮನೆಗೆ 15 ದಿನದ ನೋಟಿಸ್ ಸಾಕು. ಹದಿನೈದೇ ದಿನದಲ್ಲಿ ಮನೆ ಹುಡುಕುವುದು ಅವರಿಗೆ ಕಷ್ಟ, ಹೊಸಬರನ್ನು ಹುಡುಕುವುದು ನಿಮಗೂ ಕಷ್ಟ ಅಲ್ವಾ?

ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬರೀ ರೂಢಿ. ಬರೆಯದೆ ಹಿಡಿದರೆ ಜಗಳ ಗ್ಯಾರಂಟಿ. ನಾಲ್ಕು ವರ್ಷ ಇದ್ದವರಿಂದ ಹಿಡಿಯುವುದು ನನಗೆ ಸರಿ ಅನಿಸುವುದಿಲ್ಲ. ಅಷ್ಟು ದಿನಕ್ಕೆ ಗೋಡೆ ತಾನಾಗಿಯೇ ಮಾಸುತ್ತದೆ.

ಮನೆ ಒಮ್ಮೆ ಸುತ್ತಿ. ಕೀ ಕೊಡುವ ಮೊದಲು ಅವರನ್ನೂ ಕರೆದುಕೊಂಡು ಒಂದೊಂದೇ ರೂಮಿನ ವಿಡಿಯೋ ಮಾಡಿ. ಫ್ಯಾನ್ ಎಷ್ಟು, ಗೀಸರ್ ಓಡುತ್ತದಾ, ಸಿಂಕಿನ ನಲ್ಲಿ ತೊಟ್ಟಿಕ್ಕುತ್ತದಾ, ಹಾಲಿನ ಗೋಡೆಯಲ್ಲಿ ಆಗಲೇ ಎಷ್ಟು ಮೊಳೆ ಇವೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮುಂಬಾಗಿಲಿನ ಕೀ ಮೂರು ಕೊಟ್ಟಿದ್ದರೆ ಮೂರು ಅಂತಲೇ ಬರೆಯಿರಿ.

ಕರೆಂಟ್. ಮೀಟರಿನ ಫೋಟೋ ತೆಗೆದಿಡಿ. 2023ರಲ್ಲಿ ಬಂದ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ, ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಅವರ ಆಧಾರ್ ನಿಮ್ಮ ಮೀಟರಿನ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಸೇರಿರುತ್ತದೆ. ಖಾಲಿ ಮಾಡುವಾಗ ಅದನ್ನು ಬಿಡಿಸದಿದ್ದರೆ ಮುಂದೆ ಬರುವವರು ನೋಂದಾಯಿಸಲು ಪರದಾಡುತ್ತಾರೆ.

ಬಾಡಿಗೆ ಖಾತೆಗೇ ಬರಲಿ. ಯುಪಿಐ ಆದರೂ ಸರಿ, ದಾಖಲೆ ಇರುತ್ತದೆ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ, ತೆರಿಗೆ ಉಳಿಸಲು ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ತೋರಿಸುವವರು ನಿಮ್ಮ ಪ್ಯಾನ್ ಕೇಳುತ್ತಾರೆ, ಕೊಡಿ. ಬಚ್ಚಿಡುವುದಕ್ಕೇನಿಲ್ಲ. ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲೂ ಶೇ 30ರಷ್ಟು ಬಿಟ್ಟ ಮೇಲೆಯೇ ಬಾಡಿಗೆ ನಿಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತದೆ.

ಬಾಡಿಗೆ ಬಾಕಿ ಬಿತ್ತು ಅಂತ ಸಿಟ್ಟಿನಲ್ಲಿ ನೀರು ನಿಲ್ಲಿಸುವುದು, ಬೀಗ ಬದಲಿಸುವುದು ಮಾಡಬೇಡಿ. ಕೇಸು ನಿಮ್ಮ ಮೇಲೇ ತಿರುಗುತ್ತದೆ. ಮೊದಲು ಮಾತು, ಆಮೇಲೆ ಲಾಯರ್ ನೋಟಿಸ್, ಕೊನೆಗೆ ಕೋರ್ಟ್.

ಖಾಲಿ ಮಾಡುವ ದಿನ ಹಳೇ ಹಾಳೆ ಹಿಡಿದು ಇಬ್ಬರೂ ಮತ್ತೆ ಮನೆ ಸುತ್ತಿ. ಮೀಟರ್ ನೋಡಿ, ಬಾಕಿ ಕಳೆದು, ಕೆಳಗೆ ಟೆಂಪೋ ಹೊರಡುವ ಮೊದಲೇ ಉಳಿದ ಅಡ್ವಾನ್ಸ್ ಅವರ ಖಾತೆಗೆ ಹಾಕಿ. ಕೀ ಮೂರೂ ವಾಪಸ್ ಬಂತಾ, ಎಣಿಸಿಕೊಳ್ಳಿ.