ಮೊಡವೆ ಮುಖಕ್ಕೆ ಯಾವ ಟ್ಯೂಬು?

ಮೊಡವೆಗೆ ಏನೇ ಕೊಳ್ಳುವಾಗಲೂ ನಾನು ಮೊದಲು ಡಬ್ಬಿ ತಿರುಗಿಸಿ ನೋಡುತ್ತೇನೆ. ಮದ್ದಿನ ಹೆಸರು, ಅದರ ಪಕ್ಕದಲ್ಲಿ ಶೇಕಡಾ ಎಷ್ಟು ಅನ್ನುವುದು ಇದ್ದರೆ ಮಾತ್ರ ಮುಂದಿನ ಯೋಚನೆ. ಬೇವು, ತುಳಸಿ, ಅರಿಶಿನದ ಚಿತ್ರ ಹಾಕಿ ಪ್ರಮಾಣ ಹೇಳದ ಸರಕನ್ನು ಅಲ್ಲೇ ಬಿಟ್ಟು ಬರುತ್ತೇನೆ. 'ನಾನ್‌ಕೊಮೆಡೊಜೆನಿಕ್' (ರಂಧ್ರ ಕಟ್ಟುವುದಿಲ್ಲ) ಅನ್ನುವ ಮುದ್ರೆಯನ್ನೂ ಪೂರ್ತಿ ನಂಬುವುದಿಲ್ಲ, ಅದು ಕಂಪನಿ ತನಗೆ ತಾನೇ ಕೊಟ್ಟುಕೊಂಡ ಸರ್ಟಿಫಿಕೇಟು.

ನನ್ನದು ಎಣ್ಣೆ ಚರ್ಮ. ಮೂಗಿನ ಮೇಲೆ ಬ್ಲ್ಯಾಕ್‌ಹೆಡ್, ಕೆನ್ನೆಯಲ್ಲಿ ಕೀವಿನ ಮೊಡವೆ. ಬ್ಲ್ಯಾಕ್‌ಹೆಡ್‌ಗೆ 2% ಸ್ಯಾಲಿಸಿಲಿಕ್ ಆಸಿಡ್ ಆರಿಸುತ್ತೇನೆ. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೆ ಇಳಿಯುತ್ತದೆ. ಆದರೆ ಫೇಸ್‌ವಾಶ್‌ನಲ್ಲಿದ್ದರೆ ಅರ್ಧ ನಿಮಿಷಕ್ಕೆ ತೊಳೆದುಹೋಗುತ್ತದೆ. ಹಚ್ಚಿ ಬಿಡುವ ಸೀರಮ್ಮೇ ಮೇಲು.

ಕೀವಿನ ಮೊಡವೆಗೆ ಬೆನ್ಜಾಯ್ಲ್ ಪೆರಾಕ್ಸೈಡ್. 2.5% ಸಾಕು. 5, 10 ಅಂತ ಏರಿಸಿದರೆ ಉರಿ, ಸಿಪ್ಪೆ ಏಳುವುದು ಹೆಚ್ಚುತ್ತದೆ, ಗುಣ ಅಷ್ಟೇನೂ ಹೆಚ್ಚುವುದಿಲ್ಲ. ಇದರ ದೊಡ್ಡ ಗುಣವೆಂದರೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಕ್ಲಿಂಡಮೈಸಿನ್ ಅನ್ನುವ ಆಂಟಿಬಯಾಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಒಗ್ಗಿಕೊಳ್ಳುತ್ತದೆ, ಆಮೇಲೆ ಆ ಜೆಲ್ ಕೆಲಸ ಮಾಡುವುದಿಲ್ಲ. ಪೆರಾಕ್ಸೈಡ್ ಬಣ್ಣದ ಬಟ್ಟೆಯನ್ನು ಬಿಳಿಚಿಸುವುದರಿಂದ ಟವೆಲ್ಲು, ದಿಂಬಿನ ಕವರ್ರು ಬಿಳಿಯದೇ ಇರಲಿ.

ಹೊಸ ಮೊಡವೆ ಏಳದಂತೆ ತಡೆಯಲು ರಾತ್ರಿ ಅಡಾಪಲೀನ್ 0.1% ಜೆಲ್. ತಪ್ಪುವುದು ಇಲ್ಲೇ ಹೆಚ್ಚು. ಇದನ್ನು ಮೊಡವೆಯ ಮೇಲೆ ಚುಕ್ಕೆಯಿಟ್ಟು ಪ್ರಯೋಜನವಿಲ್ಲ. ಬಟಾಣಿ ಕಾಳಿನಷ್ಟು ತೆಗೆದು ಹಣೆ, ಕೆನ್ನೆ, ಗಲ್ಲಕ್ಕೆಲ್ಲ ತೆಳ್ಳಗೆ ಸವರಬೇಕು. ಮುಖ ತೊಳೆದು ಪೂರ್ತಿ ಒಣಗಲು 15–20 ನಿಮಿಷ ಬಿಡುತ್ತೇನೆ, ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು. ಕಣ್ಣಿನಂಚು, ತುಟಿ, ಮೂಗಿನ ಪಕ್ಕದ ಮಡಿಕೆಗೆ ಮೊದಲೇ ವ್ಯಾಸಲೀನ್. ಶುರುವಿನಲ್ಲಿ ಎರಡು ರಾತ್ರಿ ಬಿಟ್ಟು ಒಂದು ರಾತ್ರಿ, ಚರ್ಮ ತಡೆದುಕೊಂಡ ಮೇಲೆ ದಿನ ಬಿಟ್ಟು ದಿನ. ಮೊದಲ ಕೆಲವು ವಾರ ಮೊಡವೆ ಕೆರಳಬಹುದು; ಬಹಳ ಜನ ಆಗಲೇ 'ನನಗೆ ಒಗ್ಗಲಿಲ್ಲ' ಅಂತ ಟ್ಯೂಬು ಎಸೆಯುತ್ತಾರೆ. ಗುಣ ಕಂಡಿತೋ ಇಲ್ಲವೋ ಅಂತ ಲೆಕ್ಕ ಹಾಕಬೇಕಾದದ್ದು 12 ವಾರವಾದ ಮೇಲೆ. ಬಸುರಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಇದನ್ನು ಬಳಸಬಾರದು. ಅವರಿಗೆ ಮೊಡವೆಯ ಇನ್ನೊಂದು ಮದ್ದಾದ ಅಜೆಲಾಯಿಕ್ ಆಸಿಡ್ ಆಗಬಹುದೇ ಎಂದು ವೈದ್ಯರನ್ನು ಕೇಳಬೇಕು.

ಮೂರನ್ನೂ ಒಂದೇ ವಾರ ಶುರುಮಾಡಿದರೆ ಮುಖ ಕೆಂಪಾದಾಗ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಒಂದು ನೆಲೆಯಾದ ಮೇಲೆ ಇನ್ನೊಂದು, ನಡುವೆ ಎರಡು ವಾರವಾದರೂ ಇರಲಿ. ಪೆರಾಕ್ಸೈಡ್ ಬೆಳಿಗ್ಗೆಗೆ, ಅಡಾಪಲೀನ್ ರಾತ್ರಿಗೆ. ಸ್ಕ್ರಬ್, ನಿಂಬೆರಸ, ಟೂತ್‌ಪೇಸ್ಟ್ ಯಾವುದೂ ಜೊತೆಗೆ ಬೇಡ.

ಎಣ್ಣೆ ಚರ್ಮಕ್ಕೆ ಮಾಯಿಶ್ಚರೈಸರ್ ಯಾಕೆ ಅನ್ನುವವರಿದ್ದಾರೆ. ಈ ಮದ್ದುಗಳು ಒಣಗಿಸುತ್ತವೆ, ಒಣಗಿದ ಚರ್ಮ ಉರಿಯುತ್ತದೆ, ಉರಿ ತಾಳದೆ ಮದ್ದೇ ಬಿಟ್ಟುಹೋಗುತ್ತದೆ. ಹಗುರ ಜೆಲ್ ರೂಪದ್ದು ಸಾಕು. ಹಗಲಿಗೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ತಪ್ಪಿಸುವುದಿಲ್ಲ. ನಮ್ಮ ಕಂದು ಚರ್ಮದಲ್ಲಿ ಮೊಡವೆ ಹೋದರೂ ಕಲೆ ಉಳಿಯುತ್ತದೆ, ಬಿಸಿಲು ಅದನ್ನು ಇನ್ನೂ ಕಪ್ಪಾಗಿಸುತ್ತದೆ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಅದು ಹಣೆಗೆ ಇಳಿದು ರಂಧ್ರ ಕಟ್ಟುತ್ತದೆ. ಸ್ನಾನಕ್ಕೆ ಒಂದು ತಾಸು ಮುಂಚೆ ಹಚ್ಚಿದರೆ ಸಾಕಲ್ಲ. ಹಣೆಯಲ್ಲಿ ಒಂದೇ ಗಾತ್ರದ ಸಣ್ಣ ಗುಳ್ಳೆ ಎದ್ದು ತುರಿಸುತ್ತಿದ್ದರೆ ಅದು ಶಿಲೀಂಧ್ರದ್ದಿರಬಹುದು, ಅದಕ್ಕೆ ಮದ್ದೇ ಬೇರೆ.

ಮೆಡಿಕಲ್ ಶಾಪಿನಲ್ಲಿ 'ಮೊಡವೆಗೆ ಒಂದು ಕ್ರೀಮ್ ಕೊಡಿ' ಅಂತ ಕೇಳಲೇಬೇಡಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ — ಈ ಮೂರರಲ್ಲಿ ಯಾವುದೇ ಹೆಸರು ಕಂಡರೂ ಅದು ಸ್ಟೀರಾಯ್ಡ್. ನಾಲ್ಕೇ ದಿನಕ್ಕೆ ಮುಖ ತಿಳಿಯಾಗುತ್ತದೆ, ಬಿಟ್ಟ ಕೂಡಲೇ ಮೊಡವೆ ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿ, ರಕ್ತನಾಳ ಕಾಣಿಸಿ, ಕೆನ್ನೆಯಲ್ಲಿ ಕೂದಲೂ ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದರೂ ಕೌಂಟರಿನ ಮೇಲೆ ಸಿಗುವುದು ನಿಂತಿಲ್ಲ. ಹಚ್ಚುತ್ತಿದ್ದವರು ಥಟ್ಟನೆ ನಿಲ್ಲಿಸದೆ ಚರ್ಮವೈದ್ಯರ ಹತ್ತಿರ ಹೋಗಬೇಕು. ಮುಟ್ಟಿದರೆ ನೋಯುವ ಆಳದ ಗಂಟು ಮೊಡವೆ, ಗುಳಿ ಬೀಳಿಸುವ ಮೊಡವೆ ಇದ್ದವರೂ ಅಷ್ಟೆ, ಈ ಟ್ಯೂಬುಗಳಲ್ಲಿ ಕಾಲ ಕಳೆಯದೆ ನೇರ ಅಲ್ಲಿಗೇ ಹೋಗಬೇಕು.