ಪಬ್ ಗಾಯಕನ ಸ್ಮರಣೆಗೆ ಸಂಜೆಯೊಂದನ್ನು ಏರ್ಪಡಿಸುವ ಬಗೆ

ಪಬ್‌ಗಳಲ್ಲಿ ಹಾಡಿ ಹೆಸರಾದ ಗಾಯಕರು ತೀರಿಕೊಂಡಾಗ ಅಭಿಮಾನಿಗಳು ದೊಡ್ಡ ಸಭಾಭವನ ಹುಡುಕದೆ ಅವರ ಊರನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಇಂಗ್ಲಿಷ್ ರಾಕ್ ಬ್ಯಾಂಡ್ ಡಾಕ್ಟರ್ ಫೀಲ್‌ಗುಡ್‌ನ ಗಾಯಕ ಲೀ ಬ್ರಿಲೋ 1994ರ ಏಪ್ರಿಲ್ 7ರಂದು, 41ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ನಿಧನರಾದ ಬಳಿಕ ಅವರ ಊರಾದ ಇಂಗ್ಲೆಂಡಿನ ಕ್ಯಾನ್ವೆ ದ್ವೀಪದಲ್ಲಿ ವರ್ಷ ವರ್ಷವೂ ನಡೆದ ಸ್ಮರಣ ಕಛೇರಿ ಇದಕ್ಕೆ ತಕ್ಕ ಮಾದರಿ. ಅಲ್ಲಿಯವರಂತೆ ಪುಣ್ಯತಿಥಿಯನ್ನು ಬಿಟ್ಟು ಹುಟ್ಟಿದ ದಿನವನ್ನು, ಬ್ರಿಲೋ ವಿಷಯದಲ್ಲಿ ಮೇ 10ನ್ನು, ಗೊತ್ತುಮಾಡಿ. ಹಾಡಿಗೆ ಅದೇ ಹೆಚ್ಚು ಒಗ್ಗುತ್ತದೆ. ಹಳೆಯ ಜೊತೆಗಾರರನ್ನು ಮೊದಲೇ ಕರೆಯಿರಿ, ಭಾಷಣಗಳನ್ನು ಮೊಟಕುಗೊಳಿಸಿ. ಬ್ರಿಲೋ ತೊಡುತ್ತಿದ್ದ ಮಾಸಿದ ಬಿಳಿ ಸೂಟನ್ನು ಧರಿಸಿ ಹಾರ್ಮೋನಿಕಾ ಊದುವ ಆಸೆ ಯಾರಿಗಾದರೂ ಬಂದರೆ (ಬಂದೇ ಬರುತ್ತದೆ) ಒಂದು ಹಾಡಿಗೆ ಮಾತ್ರ ಅವಕಾಶ ಕೊಡಿ. ಕ್ಯಾನ್ವೆಯವರು ಫೇರ್ ಹೇವನ್ಸ್ ಹಾಸ್ಪೈಸ್‌ಗೆ (ಗುಣವಾಗದ ರೋಗಿಗಳ ಆರೈಕೆ ಕೇಂದ್ರಕ್ಕೆ) ಕೊಟ್ಟಂತೆ, ಕೂಡಿದ ಹಣವನ್ನು ಕೊನೆಯ ದಿನಗಳಲ್ಲಿ ಆರೈಕೆ ಮಾಡಿದ ಸಂಸ್ಥೆಗೇ ಸಲ್ಲಿಸಿ.