ಹಳೆಯ ಸ್ಪೋರ್ಟ್ಸ್ ಕಾರಿನ ಮರದ ಡ್ಯಾಶ್‌ಬೋರ್ಡಿಗೆ ಮತ್ತೆ ಹೊಳಪು

ಹಳೆಯ ಸ್ಪೋರ್ಟ್ಸ್ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮರ ಅನೇಕ ವೇಳೆ ಇಡಿಯ ಹಲಗೆಯಲ್ಲ, ಪ್ಲೈವುಡ್ಡಿಗೆ ಅಂಟಿಸಿದ ವೆನೀರ್, ಅಂದರೆ ಮರದ ತೆಳುವಾದ ಹಾಳೆ. ಆದ್ದರಿಂದ ಬಿಸಿಲಿಗೆ ಬಿರುಕುಬಿಟ್ಟ ವಾರ್ನಿಷನ್ನು ಯಂತ್ರದಿಂದ ಉಜ್ಜುವ ಆತುರ ಬೇಡವೇ ಬೇಡ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಮೀಟರುಗಳ ಹಿಂದಿನ ಪ್ರತಿ ವೈರಿಗೂ ಗುರುತುಚೀಟಿ ಅಂಟಿಸಿ, ಹಲಗೆಯನ್ನು ಬಿಚ್ಚಿಕೊಳ್ಳಿ. ಗಾಳಿಯಾಡುವ ಜಾಗದಲ್ಲಿ ಕೈಗವಸು ತೊಟ್ಟು ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಪದರವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮರದ ಎಳೆಯ ಗುಂಟ ಎತ್ತಿ ತೆಗೆದ ಮೇಲೆ, 320ನೇ ನಂಬರಿನ ನಯವಾದ ಉಪ್ಪುಕಾಗದದಿಂದ ಕೈಯಲ್ಲೇ ಹಗುರವಾಗಿ ಉಜ್ಜಬೇಕು. ಮೀಟರಿನ ರಂಧ್ರಗಳ ಅಂಚಿನಲ್ಲಂತೂ ಬೆರಳನ್ನು ಒತ್ತಲೇಬಾರದು, ವೆನೀರ್ ಮೊದಲು ಸವೆದು ಕೆಳಗಿನ ಪ್ಲೈ ಬಿಳಿಚಿಕೊಂಡು ಇಣುಕುವುದು ಅಲ್ಲಿಯೇ. ವಾರ್ನಿಷನ್ನು ತೆಳುವಾಗಿ ಆರೇಳು ಕೋಟ್ ಕೊಡಿ. ಪ್ರತಿಯೊಂದೂ ಪೂರ್ತಿ ಒಣಗಲಿ. ಕೊನೆಯದು ಗಟ್ಟಿಯಾಗಲು ಕೆಲವು ವಾರ ಬಿಟ್ಟು, 1500ನೇ ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ತಿಕ್ಕಿ ಪಾಲಿಶ್ ಮಾಡಿ.